ಗೋಡೆಯಿಂದ ಐದಡಿ

2025ರ ಜನವರಿಯಲ್ಲಿ ಲಾಸ್ ಏಂಜಲೀಸ್ ಸುತ್ತಮುತ್ತ ಕಾಳ್ಗಿಚ್ಚು ಎದ್ದಾಗ ಬಂದ ಫೋಟೊಗಳನ್ನು ನೆನಪಿಸಿಕೊಳ್ಳಿ. ಬೀದಿಗೆ ಬೀದಿಯೇ ಬೂದಿ. ಮನೆಯಿದ್ದ ಜಾಗದಲ್ಲಿ ಇಟ್ಟಿಗೆಯ ಚಿಮಣಿಯೊಂದೇ ನಿಂತಿದೆ. ಕಾರಿನ ಅಲ್ಯೂಮಿನಿಯಂ ಗಾಲಿ ಕರಗಿ, ಇಳಿಜಾರು ಹಿಡಿದು ಹರಿದು, ಅಲ್ಲೇ ಹೆಪ್ಪುಗಟ್ಟಿದೆ. ಇಷ್ಟಾದರೂ ಹತ್ತು ಹೆಜ್ಜೆ ಆಚೆ ಮರವೊಂದು ಹಸಿರಾಗಿಯೇ ಇದೆ. ಕಾಡಿನ ಬೆಂಕಿ ಬಂದು ಮನೆ ಸುಟ್ಟಿತು, ಮರ ಬಿಟ್ಟಿತು ಅಂದರೆ ಯಾರು ನಂಬುತ್ತಾರೆ? ಆಕಾಶದಿಂದ ಲೇಸರ್ ಬಿಟ್ಟು ಮನೆಗಳನ್ನೇ ಆರಿಸಿ ಸುಟ್ಟರು ಎಂಬ ಪುಕಾರು ಹುಟ್ಟುವುದು ಇಂಥ ಚಿತ್ರಗಳಿಂದಲೇ. 2018ರಲ್ಲಿ ಕ್ಯಾಲಿಫೋರ್ನಿಯದ ಪ್ಯಾರಡೈಸ್ ಪಟ್ಟಣ ಸುಟ್ಟಾಗಲೂ, 2023ರಲ್ಲಿ ಹವಾಯಿಯ ಲಹೈನಾ ಸುಟ್ಟಾಗಲೂ ಇದೇ ಕತೆ ಫೋನಿಂದ ಫೋನಿಗೆ ಹಾರಿತ್ತು.

ಲೇಸರ್ ಏನೂ ಬೇಕಿಲ್ಲ. ಜೀವಂತ ಮರದಲ್ಲಿ ನೀರಿದೆ, ಮನೆಯಲ್ಲಿ ಇಲ್ಲ. ಕ್ಯಾಲಿಫೋರ್ನಿಯದ ಸಾಮಾನ್ಯ ಮನೆ ಅಂದರೆ ದಶಕಗಟ್ಟಲೆ ಒಣಗಿದ ಮರದ ಚೌಕಟ್ಟು, ಹೊರಗೊಂದು ತೆಳು ಗಾರೆಯ ಪದರ, ಒಳಗೆ ಜಿಪ್ಸಮ್ ಹಲಗೆ. ಮಗನ ಮನೆಗೆಂದು ಮೊದಲ ಸಲ ಹೋದ ನಮ್ಮ ಕಡೆಯ ಹಿರಿಯರು ಗೋಡೆ ತಟ್ಟಿ ನೋಡಿ, "ಇಷ್ಟು ದುಡ್ಡು ಕೊಟ್ಟು ಟೊಳ್ಳು ಗೋಡೆ ತಗೊಂಡ್ಯೇನಪ್ಪಾ" ಎಂದು ಮುಖ ಸಣ್ಣ ಮಾಡುವುದುಂಟು. ಆ ಟೊಳ್ಳಿಗೆ ಕಾರಣವಿದೆ. ಭೂಕಂಪದ ನಾಡಿನಲ್ಲಿ ಹಗುರವಾದ ಮರದ ಚೌಕಟ್ಟು ಅಲ್ಲಾಡಿದರೂ ಉಳಿಯುತ್ತದೆ, ಕಲ್ಲು ಇಟ್ಟಿಗೆಯದು ಕುಸಿಯುತ್ತದೆ. ಆದರೆ ಭೂಮಿ ನಡುಗಿದಾಗ ಕಾಯುವ ಅದೇ ಚೌಕಟ್ಟು ಬೆಂಕಿಗೆ ಸೌದೆ. ಒಂದು ಮನೆ ಹೊತ್ತಿಕೊಂಡರೆ ಗಂಟೆಗಟ್ಟಲೆ ಉರಿಯುತ್ತದೆ, ಪಕ್ಕದ ಮನೆಗೆ ದಾಟುತ್ತದೆ. ಕಾಡಿನಲ್ಲಿ ಶುರುವಾದದ್ದು ಊರಿನೊಳಗೆ ಬಂದ ಮೇಲೆ ಕಾಳ್ಗಿಚ್ಚಾಗಿ ಉಳಿಯುವುದಿಲ್ಲ. ಮನೆಯಿಂದ ಮನೆಗೆ ಹಬ್ಬುವ ಊರ ಬೆಂಕಿಯಾಗುತ್ತದೆ. ಮರದ ಪಾಡಿಗೆ ಮರ ನಿಂತಿರುತ್ತದೆ.

ಇದನ್ನು ಪ್ರಯೋಗ ಮಾಡಿ ತೋರಿಸಿದವರು ಅಮೆರಿಕದ ಅರಣ್ಯ ಸೇವೆಯ ವಿಜ್ಞಾನಿ ಜ್ಯಾಕ್ ಕೋಹೆನ್. 1990ರ ದಶಕದ ಕೊನೆಗೆ ಕೆನಡಾದ ವಾಯವ್ಯ ಪ್ರಾಂತದ ಕಾಡೊಂದಕ್ಕೆ ಬೇಕೆಂದೇ ಬೆಂಕಿಯಿಟ್ಟು, ಮರಗಳ ನೆತ್ತಿಯಲ್ಲಿ ಜ್ವಾಲೆ ಓಡುವ ಭೀಕರ ಉರಿಯ ಮುಂದೆ ಮರದ ಗೋಡೆಗಳನ್ನು ನಿಲ್ಲಿಸಿ ನೋಡಿದರು. 10 ಮೀಟರ್ ದೂರದ ಗೋಡೆಗಳಲ್ಲಿ ಕೆಲವು ಹೊತ್ತಿಕೊಂಡವು. 20 ಮತ್ತು 30 ಮೀಟರ್ ದೂರದವು ಹೊತ್ತಿಕೊಳ್ಳಲಿಲ್ಲ. ಎದುರು ಗುಡ್ಡದ ಮೇಲೆ ಉರಿಯುವ ಜ್ವಾಲೆ ಎಷ್ಟೇ ಭಯ ಹುಟ್ಟಿಸಲಿ, ಅಷ್ಟು ದೂರದಿಂದ ಅದು ಮನೆಯನ್ನು ಸುಡಲಾರದು. ಹಾಗಾದರೆ ಸುಡುವುದು ಯಾವುದು?

ಕಿಡಿ. ಗಾಳಿಗೆ ಹಾರಿ ಬರುವ ಉರಿಯುವ ತೊಗಟೆ ಚೂರು, ರೆಂಬೆಯ ತುದಿ, ಇನ್ನೊಬ್ಬರ ಮನೆಯ ಚಾವಣಿಯ ತುಣುಕು. ಒಂದೂವರೆ ಎರಡು ಕಿಲೋಮೀಟರ್ ದಾಟಿ ಬರುವ ಕಿಡಿಗಳೂ ಇವೆ. 2025ರ ಜನವರಿ 7ರಂದು ಬೀಸಿದ ಸಾಂಟಾ ಆನಾ ಗಾಳಿ ಹಲವೆಡೆ ಗಂಟೆಗೆ 130 ಕಿಲೋಮೀಟರ್ ಮೀರಿತ್ತು. ಮರುಭೂಮಿಯಿಂದ ಬೆಟ್ಟ ಇಳಿದು ಕಡಲ ಕಡೆಗೆ ನುಗ್ಗುವ ಒಣ ಗಾಳಿ ಅದು. ನೀರು ಸುರಿಯುವ ವಿಮಾನಗಳೂ ಅಂದು ರಾತ್ರಿ ನೆಲ ಹಿಡಿದು ಕೂರಬೇಕಾಯಿತು. ಅಂಥ ಗಾಳಿಯಲ್ಲಿ ಕಿಡಿ ಒಂದೊಂದಾಗಿ ಬರುವುದಿಲ್ಲ, ಜಡಿಮಳೆಯಂತೆ ಅಡ್ಡಡ್ಡ ಹೊಡೆಯುತ್ತದೆ. ಪ್ಯಾಲಿಸೇಡ್ಸ್ ಮತ್ತು ಈಟನ್ ಎಂಬ ಎರಡು ಬೆಂಕಿಗಳು ಸೇರಿ 16 ಸಾವಿರಕ್ಕೂ ಹೆಚ್ಚು ಕಟ್ಟಡಗಳನ್ನು ನುಂಗಿದವು.

ಕಿಡಿಗೆ ಗೋಡೆ ಒಡೆಯುವ ಶಕ್ತಿಯಿಲ್ಲ. ಅದು ಕೂರಲು ಒಂದು ಒಣ ಮೂಲೆ ಬೇಕು. ಸೋಗೆ ಹೊದೆಸಿದ ಮನೆಯಲ್ಲಿ ಬದುಕಿದ ಮಲೆನಾಡಿನ ಅಜ್ಜಿಯಂದಿರಿಗೆ ಇದನ್ನು ಯಾರೂ ಕಲಿಸಬೇಕಿರಲಿಲ್ಲ. ಬೇಸಗೆಯ ಗಾಳಿ ಎದ್ದಿತೆಂದರೆ ಬಚ್ಚಲ ಒಲೆಯ ಕೆಂಡಕ್ಕೆ ನೀರು ಹೊಯ್ದೇ ಮಲಗುತ್ತಿದ್ದರು. ದಕ್ಷಿಣ ಕೆರೊಲಿನಾದಲ್ಲಿ ವಿಮಾ ಕಂಪನಿಗಳೇ ಹಣ ಹಾಕಿ ಕಟ್ಟಿಸಿದ ಸಂಶೋಧನಾಲಯವೊಂದಿದೆ. ಇದನ್ನೇ ಪರೀಕ್ಷಿಸಿ ನೋಡಲು ಅಲ್ಲಿ 105 ದೈತ್ಯ ಫ್ಯಾನ್‌ಗಳ ಮುಂದೆ ಇಡೀ ಮನೆಯನ್ನೇ ನಿಲ್ಲಿಸಿ ಕಿಡಿಯ ಮಳೆ ಸುರಿಸುತ್ತಾರೆ. ಗೋಡೆಯ ಬುಡಕ್ಕೆ ಚೆಲ್ಲಿದ ಮರದ ತೊಗಟೆ ಹೊಗೆಯಾಡುತ್ತದೆ, ಬೆಂಕಿ ಗೋಡೆ ಹಿಡಿದು ಏರುತ್ತದೆ, ಸೂರಿನೊಳಗೆ ನುಗ್ಗುತ್ತದೆ. ನೋಡನೋಡುತ್ತಿದ್ದಂತೆ ಮನೆ ಹೋಗುತ್ತದೆ. ಅದೇ ಮನೆಯ ಇನ್ನೊಂದು ಅರ್ಧದ ಬುಡದಲ್ಲಿ ತೊಗಟೆಯ ಬದಲು ಜಲ್ಲಿ ಹಾಕಿದ್ದರೆ ಅಲ್ಲಿ ಕಿಡಿ ಬಿದ್ದು ಸುಮ್ಮನೆ ಆರಿಹೋಗುತ್ತದೆ.

ಅದಕ್ಕೇ ಈಗ ಕ್ಯಾಲಿಫೋರ್ನಿಯದ ಅಗ್ನಿಶಾಮಕದವರು ಹೇಳುವ ಮಾತು ಐದಡಿಯದು. ಗೋಡೆಯಿಂದ ಐದು ಅಡಿಯವರೆಗೆ ಸುತ್ತಲೂ ಸುಡುವಂಥದ್ದು ಯಾವುದೂ ಇರಕೂಡದು. ಇದನ್ನು ಅವರು ಸೊನ್ನೆ ವಲಯ ಎನ್ನುತ್ತಾರೆ. ಅಲ್ಲಿಂದ 30 ಅಡಿಯವರೆಗೆ ಮೊದಲನೆಯ ವಲಯ, 100 ಅಡಿಯವರೆಗೆ ಎರಡನೆಯದು. ನೂರಡಿಯ ನಿಯಮ ಕ್ಯಾಲಿಫೋರ್ನಿಯದಲ್ಲಿ ಹಳೆಯದು. ಸೊನ್ನೆ ವಲಯವನ್ನು ಕಾನೂನಿಗೆ ಸೇರಿಸಿದ್ದು 2020ರಲ್ಲಿ. ನಿಯಮ ರೂಪಿಸುವ ಕೆಲಸ ಮಾತ್ರ ಎಳೆದಾಡುತ್ತಲೇ ಹೋಯಿತು. ಲಾಸ್ ಏಂಜಲೀಸ್ ಸುಟ್ಟ ಮೇಲೆ, 2025ರ ಫೆಬ್ರುವರಿಯಲ್ಲಿ, ವರ್ಷದ ಕೊನೆಯೊಳಗೆ ಮುಗಿಸಿ ಎಂದು ಗವರ್ನರ್ ಆದೇಶ ಹೊರಡಿಸಬೇಕಾಯಿತು. ಜನರ ಆಕ್ಷೇಪವೂ ಸಣ್ಣದಲ್ಲ: ಅಜ್ಜ ನೆಟ್ಟ ಗುಲಾಬಿ ಕೀಳಬೇಕೇ, ನೆರಳು ಕೊಡುವ ಗಿಡ ಕಡಿಯಬೇಕೇ, ಜಲ್ಲಿ ಹಾಸಿ ಸೆಕೆಯಲ್ಲಿ ಬೇಯಬೇಕೇ ಎಂದು. ನೀರುಂಡ ಹಸಿರು ಗಿಡ ಒಣ ಗಿಡದಷ್ಟು ಅಪಾಯವಲ್ಲ ಎಂಬ ವಾದದಲ್ಲೂ ಹುರುಳಿದೆ. ಆದರೂ ಕಿಟಕಿಯ ಕೆಳಗೇ ಬೆಳೆಸಿದ ಎಣ್ಣೆ ತುಂಬಿದ ಜೂನಿಪರ್ ಪೊದೆಯ ಪರ ವಾದಿಸುವುದು ನನ್ನಿಂದಾಗದು. ಬೆಂಕಿ ಹಿಡಿದರೆ ಅದು ಪಟಾಕಿಯೇ.

ಕ್ಯಾಲಿಫೋರ್ನಿಯದಲ್ಲಿ ಮನೆ ಮಾಡಿರುವ ನಮ್ಮವರು ಒಂದು ಶನಿವಾರ ಬೆಳಿಗ್ಗೆ ಮನೆಗೆ ಒಂದು ಸುತ್ತು ಬರಲಿ. ಶುರು ಮಾಡಬೇಕಾದ್ದು ಮುಂಬಾಗಿಲಿನಿಂದ. ಅಲ್ಲಿ ತೆಂಗಿನ ನಾರಿನ ಕಾಲೊರಸು ಇದೆ. ನಾರು ಎಷ್ಟು ಚೆನ್ನಾಗಿ ಉರಿಯುತ್ತದೆಂದು ನಮಗೆ ಹೇಳಿಕೊಡಬೇಕಾಗಿಲ್ಲ. ಬಾಗಿಲ ಮೇಲೆ ಯುಗಾದಿಗೆ ಕಟ್ಟಿದ ಮಾವಿನ ತೋರಣ ಒಣಗಿ ಗರಿಗರಿಯಾಗಿ ದಸರೆಯವರೆಗೂ ಹಾಗೇ ಇರುತ್ತದೆ. ಅಲ್ಲಿ ಬೆಂಕಿ ಹೆಚ್ಚು ಕಾಟ ಕೊಡುವುದು ಬೇಸಗೆಯ ಕೊನೆಗೆ, ಶರತ್ಕಾಲದಲ್ಲಿ, ಅಂದರೆ ಸರಿಯಾಗಿ ನಮ್ಮ ಹಬ್ಬಗಳ ಸಾಲಿನ ಹೊತ್ತಿಗೆ. ಕಾಲೊರಸು ಒಳಗೆ ಬರಲಿ, ತೋರಣ ಹಬ್ಬ ಮುಗಿದ ವಾರಕ್ಕೆ ಇಳಿಯಲಿ. ತುಳಸಿ ಕಟ್ಟೆಯ ಬಗ್ಗೆ ತಕರಾರಿಲ್ಲ. ಮಣ್ಣಿನ ಕುಂಡ ಸುಡುವುದಿಲ್ಲ, ಪ್ಲಾಸ್ಟಿಕ್ಕಿನದು ಸುಡುತ್ತದೆ.

ಆಮೇಲೆ ತಲೆ ಎತ್ತಿ ನೋಡಬೇಕು. ಸೂರಿನ ಕೆಳಗೆ, ಅಟ್ಟದ ತ್ರಿಕೋನ ಗೋಡೆಯಲ್ಲಿ, ನೆಲದ ಮಟ್ಟದ ಬುನಾದಿಯಲ್ಲಿ ಗಾಳಿಯಾಡಲು ಬಿಟ್ಟ ಕಿಂಡಿಗಳಿರುತ್ತವೆ. ಹಳೆಯ ಮನೆಗಳಲ್ಲಿ ಇವಕ್ಕೆ ಕಾಲು ಇಂಚಿನ ಜಾಲರಿ ಹೊಡೆದಿರುತ್ತಾರೆ. ಇಲಿ, ಹಕ್ಕಿಗೆ ಅದು ತಡೆ, ಕಿಡಿಗೆ ಹೆಬ್ಬಾಗಿಲು. ಒಳಹೊಕ್ಕ ಕಿಡಿ ಅಟ್ಟದಲ್ಲಿಟ್ಟ ರಟ್ಟಿನ ಡಬ್ಬಗಳ ಮೇಲೆ ಕೂರುತ್ತದೆ. ಹೊರಗೆ ಒಂದು ಗುರುತೂ ಇಲ್ಲದೆ ಮನೆ ಒಳಗಿನಿಂದ ಉರಿಯಲು ತೊಡಗುತ್ತದೆ. ಬೀದಿಯ ಬೆಂಕಿ ದಾಟಿ ಹೋಗಿ ಎಷ್ಟೋ ಗಂಟೆಯ ಮೇಲೆ ಇದ್ದಕ್ಕಿದ್ದಂತೆ ಮನೆಯೊಂದು ಹೊತ್ತಿಕೊಂಡಿತು ಎಂದು ಕೇಳುತ್ತೇವಲ್ಲ, ಅದರ ಹಿಂದೆ ಎಷ್ಟೋ ಸಲ ಇರುವುದು ಈ ಕಿಂಡಿ. ಅದಕ್ಕೆ ಎಂಟನೇ ಒಂದು ಇಂಚು ಅಥವಾ ಅದಕ್ಕೂ ಸಣ್ಣ ಕಣ್ಣಿನ ಲೋಹದ ಜಾಲರಿ ಹಾಕಬೇಕು. ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವ ಮಾಲು, ಏಣಿ ಇದ್ದರೆ ಅರ್ಧ ದಿನದ ಕೆಲಸ. ಮನೆ ಉಳಿಸುವ ಕೆಲಸಗಳಲ್ಲಿ ಇಷ್ಟು ಅಗ್ಗದ್ದು ಇನ್ನೊಂದಿಲ್ಲ ಅನಿಸುತ್ತದೆ.

ಚಾವಣಿ ಹೆಂಚಿನದೋ ಡಾಂಬರು ಹಲಗೆಯದೋ ಆಗಿದ್ದರೆ ಅರ್ಧ ಗೆದ್ದ ಹಾಗೆ. ಮರದ ಚಕ್ಕೆಯ ಹಳೆಯ ಚಾವಣಿಯಾದರೆ ಬದಲಿಸುವವರೆಗೂ ನೆಮ್ಮದಿಯಿಲ್ಲ. ಹೆಂಚಿನಲ್ಲೂ ಒಂದು ಗುಟ್ಟಿದೆ. ಅಲ್ಲಿನ ಅರೆಕೊಳವೆಯಂಥ ಹೆಂಚು ಸೂರಿನ ತುದಿಯಲ್ಲಿ ಬಾಯಿ ತೆರೆದುಕೊಂಡಿರುತ್ತದೆ. ಅದರೊಳಗೆ ಹಕ್ಕಿ ಗೂಡು ಕಟ್ಟುತ್ತದೆ, ಒಣ ಹುಲ್ಲು ತುಂಬುತ್ತದೆ, ಕಿಡಿಗೆ ಹಾಸಿಗೆ ಸಿದ್ಧ. ಆ ಬಾಯಿಗಳನ್ನು ಗಾರೆಯಿಂದ ಮುಚ್ಚಬೇಕು. ಮಳೆನೀರಿನ ದೋಣಿಯಲ್ಲಿ ತುಂಬಿದ ತರಗೆಲೆ ತೆಗೆಯಬೇಕು. ಮರದ ಬೇಲಿ ಮನೆಗೆ ತಾಗಿಕೊಂಡಿದ್ದರೆ ಅದು ಬತ್ತಿಯ ಕೆಲಸ ಮಾಡುತ್ತದೆ, ಹಿತ್ತಲ ಮೂಲೆಯ ಬೆಂಕಿಯನ್ನು ಗೋಡೆಯವರೆಗೆ ತಂದು ಮುಟ್ಟಿಸುತ್ತದೆ. ಕೊನೆಯ ಐದಡಿ ಬೇಲಿ ಕಬ್ಬಿಣದ್ದಾದರೆ ಸಾಕು. ಜಗಲಿಯ ಕೆಳಗೆ ಪೇರಿಸಿದ ಸೌದೆ, ಗ್ಯಾರೇಜ್ ಬಾಗಿಲ ಕೆಳಗಿನ ಬೆರಳಗಲ ಸಂದು, ಗೋಡೆಗೊರಗಿಸಿದ ಪ್ಲಾಸ್ಟಿಕ್ ಕಸದ ತೊಟ್ಟಿ, ಇವೂ ಇದೇ ಲೆಕ್ಕಕ್ಕೆ ಸೇರುತ್ತವೆ.

ಇಷ್ಟು ಮಾಡಿದರೆ ಫಲವಿದೆಯೇ? ಲಹೈನಾದ ಸುಟ್ಟ ಬೀದಿಯಲ್ಲಿ ಒಂದೇ ಒಂದು ಕೆಂಪು ಚಾವಣಿಯ ಮನೆ ಉಳಿದ ಚಿತ್ರ ಜಗತ್ತೆಲ್ಲ ನೋಡಿತು. ನೂರು ವರ್ಷ ಹಳೆಯ ಮರದ ಮನೆ ಅದು. ಬೆಂಕಿಯ ಯೋಚನೆಯೇ ಇಲ್ಲದೆ, ರಿಪೇರಿಗೆಂದು, ಮಾಲೀಕರು ದಪ್ಪ ಲೋಹದ ಚಾವಣಿ ಹಾಕಿಸಿದ್ದರು. ಗೋಡೆಯ ಸುತ್ತಲಿನ ಗಿಡ ಕಿತ್ತು ಹೊಳೆಗಲ್ಲು ಹರವಿದ್ದರು. ಲಾಸ್ ಏಂಜಲೀಸಿನ ಪ್ಯಾಲಿಸೇಡ್ಸ್ ಬಡಾವಣೆಯಲ್ಲೂ ಹೊಸದಾಗಿ ಕಟ್ಟಿದ ಒಂದು ಮನೆ ಉಳಿಯಿತು, ಪಕ್ಕದ ಮನೆಯೂ ಅದರ ಮುಂದಿದ್ದ ಕಾರೂ ಸುಟ್ಟು ಕರಕಲಾಗಿದ್ದವು. ಅದಕ್ಕೆ ಹೊರಚಾಚಿದ ಸೂರಿಲ್ಲ, ಅಟ್ಟದಲ್ಲಿ ಕಿಂಡಿಯಿಲ್ಲ, ಲೋಹದ ಚಾವಣಿ, ಹದಗೊಳಿಸಿದ ಗಾಜು, ಅಂಗಳಕ್ಕೆ ಕಾಂಕ್ರೀಟಿನ ಗಿಡ್ಡ ಗೋಡೆ. ಅದರ ವಾಸ್ತುಶಿಲ್ಪಿ ಅದೃಷ್ಟದ ಪಾಲೂ ಇದೆಯೆಂದು ಒಪ್ಪಿಕೊಂಡರು. ಅದೇ ಬೆಂಕಿಯ ದಾರಿಯಲ್ಲಿದ್ದ ಗೆಟ್ಟಿ ವಿಲ್ಲಾ ವಸ್ತುಸಂಗ್ರಹಾಲಯದ ಆವರಣದಲ್ಲಿ ಮರಗಿಡ ಸುಟ್ಟವು, ಕಟ್ಟಡಕ್ಕೆ ಏನೂ ಆಗಲಿಲ್ಲ. ಅಲ್ಲಿ ವರ್ಷವಿಡೀ ಕುರುಚಲು ಸವರುವ ಕೆಲಸ ನಡೆದಿತ್ತು.

ಉಳಿದವುಗಳ ಕತೆ ಹೇಳಿ ನಿಲ್ಲಿಸಿದರೆ ಮೋಸವಾಗುತ್ತದೆ. ಪ್ಯಾರಡೈಸ್‌ನಲ್ಲಿ 85 ಜನ ಸತ್ತು 18 ಸಾವಿರ ಕಟ್ಟಡ ಸುಟ್ಟ ಮೇಲೆ ನಡೆದ ಅಧ್ಯಯನವೊಂದರ ಪ್ರಕಾರ 1997ಕ್ಕೆ ಮುಂಚೆ ಕಟ್ಟಿದ ಮನೆಗಳಲ್ಲಿ ಉಳಿದದ್ದು ಶೇ 11.5. ಆಮೇಲೆ ಕಟ್ಟಿದವುಗಳಲ್ಲಿ ಶೇ 38.5. ಹೊಸ ಮನೆ ಮೇಲು, ಸರಿ. ಆದರೆ ಹೊಸ ಮನೆಗಳಲ್ಲೂ ಹೆಚ್ಚಿನವು ಹೋದವು. ಯಾವ ಮನೆ ಉಳಿಯಿತು, ಯಾವುದು ಹೋಯಿತು ಎಂಬುದಕ್ಕೆ ಸಂಶೋಧಕರಿಗೆ ಸಿಕ್ಕ ದೊಡ್ಡ ಸುಳಿವುಗಳಲ್ಲೊಂದು, ಸುಟ್ಟ ಪಕ್ಕದ ಕಟ್ಟಡ ಎಷ್ಟು ಹತ್ತಿರವಿತ್ತು ಎಂಬುದು. ಹತ್ತಡಿ ಆಚೆ ಪಕ್ಕದವರ ಮನೆ ಧಗಧಗ ಉರಿಯುತ್ತಿದ್ದರೆ ನಿಮ್ಮ ಜಲ್ಲಿಯೂ ಜಾಲರಿಯೂ ಎಷ್ಟು ಹೊತ್ತು ತಡೆದಾವು? ಕಿಟಕಿಯ ಗಾಜು ಒಡೆಯುತ್ತದೆ, ಪರದೆ ಹತ್ತಿಕೊಳ್ಳುತ್ತದೆ. ಈ ಕೆಲಸ ಬೀದಿಯವರೆಲ್ಲ ಸೇರಿ ಮಾಡಿದರೆ ಮಾತ್ರ ಪೂರ್ತಿ ಫಲ. ನೆರೆಯವರ ಮುಖ ನೋಡದೆ ವರ್ಷಗಟ್ಟಲೆ ಬದುಕಬಹುದಾದ ಬಡಾವಣೆಗಳಲ್ಲಿ ಜಾಲರಿ ಹಾಕುವುದಕ್ಕಿಂತ ಕಷ್ಟದ ಕೆಲಸ ಇದೇ ಇರಬೇಕು.

ನಮ್ಮ ಕಡೆ ಕಾಡಿಗೆ ಬೆಂಕಿ ಬೀಳುವುದಿಲ್ಲವೇ? ಬೀಳುತ್ತದೆ, 2019ರ ಫೆಬ್ರುವರಿಯಲ್ಲಿ ಬಂಡೀಪುರ ಸುಟ್ಟದ್ದನ್ನು ಮರೆತಿಲ್ಲ. ಆದರೆ ನಮ್ಮ ಎಲೆಯುದುರುವ ಕಾಡುಗಳಲ್ಲಿ ಬೆಂಕಿ ಹೆಚ್ಚಾಗಿ ನೆಲ ಹಿಡಿದು ತರಗೆಲೆ, ಹುಲ್ಲು ಸುಡುತ್ತ ಹೋಗುತ್ತದೆ. ಬೆಂಕಿ ರೇಖೆ ಸವರಿ, ಹಸಿ ಸೊಪ್ಪಿನಿಂದ ಬಡಿದು ಆರಿಸುವ ಕಾವಲುಗಾರರಿಗೆ ಅದು ಒಂದಿಷ್ಟಾದರೂ ಬಗ್ಗುತ್ತದೆ. ಊರೊಳಗೆ ನುಗ್ಗಿ ಸಾವಿರಗಟ್ಟಲೆ ಮನೆ ಸುಡುವ ಅನುಭವ ನಮಗಿಲ್ಲ. ಹಾಗಾಗಿಯೇ ಅಲ್ಲಿ ನೆಲೆಸಿದ ನಮ್ಮವರಿಗೆ ಇದರಲ್ಲಿ ಅಪ್ಪ ಅಮ್ಮನಿಂದ ಬಂದ ತಿಳಿವಳಿಕೆ ಏನೂ ಇಲ್ಲ. ಎಲ್ಲವನ್ನೂ ಹೊಸದಾಗಿ ಕಲಿಯಬೇಕು.

ಮುಖ್ಯವಾಗಿ ಕಲಿಯಬೇಕಾದ್ದು ಮನೆ ಬಿಟ್ಟು ಹೊರಡುವುದನ್ನು. ಬೆಂಕಿ ಬಂದ ದಿನ ಪೈಪು ಹಿಡಿದು ಚಾವಣಿ ಹತ್ತಿ ನಿಲ್ಲುವ ಶೌರ್ಯ ಚಿತ್ರಗಳಲ್ಲಿ ಚೆಂದ. ಪ್ಯಾಲಿಸೇಡ್ಸ್ ಉರಿಯುವಾಗ ಎತ್ತರದ ಬಡಾವಣೆಗಳಿಗೆ ನೀರೂಡುವ ತಲಾ ಹತ್ತು ಲಕ್ಷ ಗ್ಯಾಲನ್ನಿನ ಮೂರು ಟ್ಯಾಂಕುಗಳು ಬರಿದಾಗಿ ಅಗ್ನಿಶಾಮಕದವರ ನಲ್ಲಿಯೇ ಒಣಗಿತ್ತು. ನಿಮ್ಮ ತೋಟದ ಪೈಪಿಗೆ ನೀರು ಎಲ್ಲಿಂದ ಬರಬೇಕು? ಆಸ್ಟ್ರೇಲಿಯದಲ್ಲಿ ಮನೆಯಲ್ಲೇ ನಿಂತು ಕಾಯುವುದೋ ಬೇಗ ಹೊರಡುವುದೋ ಎಂಬುದನ್ನು ಜನರ ಆಯ್ಕೆಗೆ ಬಿಡುವ ಪದ್ಧತಿ ಬಹುಕಾಲ ಇತ್ತು. 2009ರ ಫೆಬ್ರುವರಿ 7ರ ಒಂದೇ ಶನಿವಾರ ಹೊತ್ತಿದ ಬೆಂಕಿಗಳಿಗೆ ವಿಕ್ಟೋರಿಯದಲ್ಲಿ 173 ಜನ ಬಲಿಯಾದರು, ಬಹಳಷ್ಟು ಮಂದಿ ತಮ್ಮ ಮನೆಗಳಲ್ಲೇ. ಆಮೇಲೆ ಅಲ್ಲಿನ ಎಚ್ಚರಿಕೆಯ ಶ್ರೇಣಿಗೆ ಹೊಸದೊಂದು ತುದಿಯ ಹಂತ ಸೇರಿತು. ಅಂಥ ದಿನ ಮನೆ ಎಷ್ಟೇ ಗಟ್ಟಿಯಿರಲಿ, ಮೊದಲೇ ಹೊರಡಿ ಎಂಬುದೇ ಅದರ ಅರ್ಥ.

ಕ್ಯಾಲಿಫೋರ್ನಿಯದಲ್ಲಿ ಎರಡು ಬಗೆಯ ಸೂಚನೆ ಬರುತ್ತದೆ. ಮೊದಲನೆಯದು ಎಚ್ಚರಿಕೆ, ಎರಡನೆಯದು ಆದೇಶ. ಮಕ್ಕಳು, ಮುದುಕರು, ಸಾಕುಪ್ರಾಣಿ ಇರುವ ಮನೆಯವರು ಎಚ್ಚರಿಕೆ ಬಂದಾಗಲೇ ಹೊರಡಬೇಕು. ಆದೇಶ ಬಂದೇ ಬರುತ್ತದೆಂದು ನೆಚ್ಚಿ ಕೂರುವಂತಿಲ್ಲ. ಈಟನ್ ಬೆಂಕಿ ಹೊತ್ತಿದ್ದು ಸಂಜೆ ಆರು ದಾಟಿದ ಮೇಲೆ. ಆಲ್ಟಡೀನಾ ಊರಿನ ಪಶ್ಚಿಮ ಭಾಗಕ್ಕೆ ಹೊರಡುವ ಆದೇಶ ತಲುಪಿದ್ದು ನಸುಕಿನ ಮೂರು ಗಂಟೆಯ ನಂತರ. ಆ ಬೆಂಕಿಯಲ್ಲಿ ಸತ್ತ 19 ಜನರಲ್ಲಿ ಒಬ್ಬರನ್ನು ಬಿಟ್ಟು ಎಲ್ಲರೂ ಆ ಪಶ್ಚಿಮ ಭಾಗದವರು. ವಯಸ್ಸಾದವರು, ಓಡಾಡಲು ಕಷ್ಟವಿದ್ದವರು ಅವರಲ್ಲಿ ಹೆಚ್ಚು. ತಡವಾದರೆ ದಾರಿಯೂ ಸಿಗುವುದಿಲ್ಲ: ಪ್ಯಾಲಿಸೇಡ್ಸ್‌ನಲ್ಲಿ ಜನ ಕಾರು ಬಿಟ್ಟು ಓಡಿದರು, ಆ ಕಾರುಗಳನ್ನು ಬುಲ್ಡೋಜರ್‌ನಿಂದ ಬದಿಗೆ ತಳ್ಳಿ ಅಗ್ನಿಶಾಮಕ ವಾಹನಗಳಿಗೆ ದಾರಿ ಮಾಡಬೇಕಾಯಿತು.

ಹೊರಡುವ ಮುನ್ನ ಹದಿನೈದು ನಿಮಿಷ ಸಿಕ್ಕರೆ ಮಾಡಬೇಕಾದ್ದು ಇಷ್ಟು. ಕಿಟಕಿ ಬಾಗಿಲು ಎಲ್ಲ ಮುಚ್ಚಿ, ಬೀಗ ಮಾತ್ರ ಬೇಡ. ಅಗ್ನಿಶಾಮಕದವರು ಒಳಗೆ ಬರಬೇಕಾದೀತು. ತೆಳು ಪರದೆ ಕಿತ್ತು, ಸೋಫಾ ಕುರ್ಚಿ ಕಿಟಕಿಯಿಂದ ದೂರ, ಕೋಣೆಯ ನಡುವಿಗೆ ಎಳೆಯಿರಿ. ಎಸಿ ಆರಿಸಿ, ಮೀಟರಿನ ಬಳಿ ಗ್ಯಾಸ್ ಬಂದ್ ಮಾಡಿ. ದೀಪ ಉರಿಯುತ್ತಿರಲಿ, ದಟ್ಟ ಹೊಗೆಯಲ್ಲಿ ಮನೆ ಕಾಣಬೇಕಲ್ಲ. ಅಂಗಳದ ಮೆತ್ತೆ ಕುರ್ಚಿ, ಕಾಲೊರಸು ಒಳಗೆ. ಪೈಪನ್ನು ನಲ್ಲಿಗೆ ಸಿಕ್ಕಿಸಿಡಿ, ನೀರು ಬಿಟ್ಟು ಮಾತ್ರ ಹೋಗಬೇಡಿ. ಎಲ್ಲರೂ ಸ್ಪ್ರಿಂಕ್ಲರ್ ತಿರುಗಿಸಿ ಹೋದರೆ ಬೀದಿಯ ನಲ್ಲಿಗೆ ಒತ್ತಡವೇ ಉಳಿಯುವುದಿಲ್ಲ. ಗ್ಯಾರೇಜ್ ಬಾಗಿಲನ್ನು ಕೈಯಲ್ಲಿ ಎತ್ತುವುದು ಹೇಗೆಂದು ಮೊದಲೇ ಒಮ್ಮೆ ಮಾಡಿ ನೋಡಿರಬೇಕು. 2017ರ ಬೆಂಕಿಗಳಲ್ಲಿ ಕರೆಂಟು ಹೋಗಿ ಬಾಗಿಲು ತೆರೆಯಲಾಗದೆ ಜನ ಪ್ರಾಣ ಬಿಟ್ಟದ್ದರಿಂದಲೇ ಅಲ್ಲಿ 2019ರಿಂದ ಹೊಸ ಗ್ಯಾರೇಜ್ ಯಂತ್ರಕ್ಕೆ ಬ್ಯಾಟರಿ ಕಡ್ಡಾಯವಾಯಿತು.

ಚೀಲ ಬೆಂಕಿಯ ಕಾಲ ಶುರುವಾಗುವ ಮುಂಚೆಯೇ ಸಿದ್ಧವಿರಲಿ. ನಮ್ಮವರ ಚೀಲದಲ್ಲಿ ಬೇರೆಯವರಿಗಿಂತ ಒಂದೆರಡು ಸಾಮಾನು ಜಾಸ್ತಿ: ಪಾಸ್‌ಪೋರ್ಟು, ವೀಸಾ ಕಾಗದ, ಗ್ರೀನ್ ಕಾರ್ಡು, ಊರಿನ ಆಸ್ತಿಯ ಪತ್ರ. ಮದುವೆಯ ಬಂಗಾರ ಬೀರುವಿನಲ್ಲಿದ್ದರೆ ಅದರ ಜಾಗ ಬ್ಯಾಂಕಿನ ಲಾಕರ್. ಸಾಮಾನ್ಯ ಮನೆ ವಿಮೆಯಲ್ಲಿ ಒಡವೆಗೆ ಕೆಲವು ಸಂದರ್ಭಗಳಲ್ಲಿ ಮಿತಿ ಇರುತ್ತದೆ. ಊರಿಂದ ಅಪ್ಪ ಅಮ್ಮ ಬಂದಿದ್ದರೆ ಅವರ ಬಿಪಿ, ಸಕ್ಕರೆ ಕಾಯಿಲೆಯ ಮಾತ್ರೆ ಮೊದಲು. ಮಗ ಸೊಸೆ ಇಬ್ಬರೂ ಆಫೀಸಿಗೆ ಹೋದ ಹಗಲು ಹೊತ್ತಿನಲ್ಲಿ, ಕಾರು ಓಡಿಸಲು ಬಾರದ ಇಬ್ಬರು ಹಿರಿಯರು ಆ ಮನೆಯಲ್ಲಿ ಇದ್ದಾರೆಂದುಕೊಳ್ಳಿ. ಅವರನ್ನು ಕರೆದೊಯ್ಯುವವರು ಯಾರು? ಪಕ್ಕದ ಮನೆಯವರಿಗೆ ಅವರ ಗುರುತಿದೆಯೇ? ಕೌಂಟಿಯ ತುರ್ತು ಸಂದೇಶದ ಪಟ್ಟಿಯಲ್ಲಿ ನೀವೇ ನಂಬರು ಸೇರಿಸಬೇಕು, ತಾನಾಗಿ ಬರುವುದಿಲ್ಲ.

ಇನ್ನು ಮನೆ ಉಳಿಯಿತೆಂದುಕೊಳ್ಳೋಣ. ಇಲ್ಲಿಂದಾಚೆಯ ಕತೆ ಟಿವಿಯಲ್ಲಿ ಬರುವುದಿಲ್ಲ, ಕಷ್ಟ ಮಾತ್ರ ಹೆಚ್ಚು ದಿನದ್ದು. ಒಳಗೆ ಹೋಗಲು ಅನುಮತಿ ಸಿಕ್ಕ ದಿನ ಮೊದಲು ಚಾವಣಿ, ದೋಣಿ, ಅಟ್ಟ, ಜಗಲಿಯ ತಳ ನೋಡಬೇಕು, ಒಂದೇ ಸಲವಲ್ಲ, ಮತ್ತೆ ಮತ್ತೆ. ಕೆಂಡ ಅಡಗಿ ಕೂತಿರುತ್ತದೆ. ಅಂಗಳದಲ್ಲಿ ಕಾಲಿಡುವಾಗಲೂ ಜೋಕೆ, ನೆಲದೊಳಗೆ ಬೇರು ಉರಿದು ಬೂದಿಯ ಗುಂಡಿಯಾಗಿ ಒಳಗೆ ಬಿಸಿ ಉಳಿದಿರಬಹುದು. ಗ್ಯಾಸನ್ನು ಕಂಪನಿಯವರೇ ಬಂದು ತೆರೆಯಬೇಕು. ಕರೆಂಟಿಲ್ಲದೆ ವಾರ ಕಳೆದ ಫ್ರಿಜ್ಜಿನ ಬಾಗಿಲು ತೆರೆಯದೆ, ಟೇಪು ಸುತ್ತಿ ಹಾಗೇ ಎಸೆಯುವುದು ಜಾಣತನ.

ಬೂದಿಯನ್ನು ಮಾತ್ರ ಒಲೆಯ ಬೂದಿಯೆಂದು ತಿಳಿಯಬೇಡಿ. ಪಾತ್ರೆ ತಿಕ್ಕಿದ, ಹಲ್ಲುಜ್ಜಿದ ನೆನಪಿನ ನಮಗೆ ಬೂದಿಯೆಂದರೆ ಶುದ್ಧ ವಸ್ತು. ಸುಟ್ಟ ಬಡಾವಣೆಯ ಬೂದಿಯಲ್ಲಿ ಇರುವುದು ಹಳೆಯ ಬಣ್ಣದ ಸೀಸ, ಆಸ್ಬೆಸ್ಟಾಸ್, ಪ್ಲಾಸ್ಟಿಕ್ಕು, ಕಾರಿನ ಬ್ಯಾಟರಿಯ ಲೋಹ. ಅಮೆರಿಕದಲ್ಲಿ ಮನೆಗಳಿಗೆ ಸೀಸದ ಬಣ್ಣ ನಿಷೇಧವಾದದ್ದು 1978ರಲ್ಲಿ. ಆಲ್ಟಡೀನಾದ ಹೆಚ್ಚಿನ ಮನೆಗಳು ಅದಕ್ಕಿಂತ ಹಳೆಯವು. ಬೆಂಕಿ ಮುಟ್ಟದೆ ಉಳಿದ ಮನೆಗಳ ಒಳಗಿನ ದೂಳಿನಲ್ಲೂ ಕ್ಯಾಲ್ಟೆಕ್ ಸಂಶೋಧಕರಿಗೆ ಸೀಸ ಸಿಕ್ಕಿತು, ಒರೆಸಿ ತೊಳೆದ ಮೇಲೆ ಅದು ಬಹಳ ಮಟ್ಟಿಗೆ ಇಳಿಯಿತು. ಹಾಗಾಗಿ ಪೊರಕೆ ಬೇಡ, ಎಲೆ ಊದುವ ಯಂತ್ರವಂತೂ ಬೇಡವೇ ಬೇಡ. ಎನ್‌95 ಮಾಸ್ಕ್, ಕೈಗವಸು, ಉದ್ದ ತೋಳಿನ ಅಂಗಿ ಹಾಕಿಕೊಂಡು, ಬೂದಿಗೆ ನೀರು ಚಿಮುಕಿಸಿ, ಒದ್ದೆ ಬಟ್ಟೆಯಲ್ಲಿ ಒರೆಸಬೇಕು. ಒಳಗೆ ಹೆಪಾ ಫಿಲ್ಟರ್ ಇರುವ ವ್ಯಾಕ್ಯೂಮ್. ನೆಲದಲ್ಲಿ ಅಂಬೆಗಾಲಿಡುವ ಮಗುವಿದ್ದರೆ ಅದೆಲ್ಲ ಮುಗಿಯುವವರೆಗೆ ಆ ಮಗು ಬೇರೆಲ್ಲಾದರೂ ಇರಲಿ.

ಹೊಗೆಯ ವಾಸನೆ ಹೋಗದೆ ಕಾಡುವುದು ಏಕೆ ಎಂಬುದಕ್ಕೂ ಉತ್ತರ ಸಿಕ್ಕಿದೆ. ಹೊಗೆಯಲ್ಲಿನ ಆವಿಗಳು ಗೋಡೆ, ಪರದೆ, ಕಪಾಟಿನ ಮೇಲೆ ಕೂತು, ಆಮೇಲೆ ದಿನಗಟ್ಟಲೆ ಸ್ವಲ್ಪ ಸ್ವಲ್ಪವೇ ಗಾಳಿಗೆ ಮರಳುತ್ತವೆ. ಕೊಲೊರಾಡೊ ಸ್ಟೇಟ್ ವಿಶ್ವವಿದ್ಯಾಲಯದವರು ಪ್ರಯೋಗದ ಮನೆಯೊಂದಕ್ಕೆ ಹೊಗೆ ಬಿಟ್ಟು ಅಳೆದು 2023ರಲ್ಲಿ ಪ್ರಕಟಿಸಿದ ಫಲಿತಾಂಶ ಇದು: ಗಾಳಿ ಶುದ್ಧಿ ಯಂತ್ರ ಓಡುವಷ್ಟು ಹೊತ್ತು ಆವಿ ಕಡಿಮೆ, ಆರಿಸಿದರೆ ಮತ್ತೆ ಶುರು, ಗೋಡೆ, ನೆಲ, ಕಪಾಟು ಒರೆಸಿ ತೊಳೆದರೆ ಇಳಿಯುತ್ತದೆ. ಅಮ್ಮಂದಿರು ಹಬ್ಬಕ್ಕೆ ಮುಂಚೆ ಮಾಡುವ ಕೆಲಸವೇ. ಆದರೂ ಹೊಗೆ ಮುಸುಕಿದ ದಿನಗಳಲ್ಲಿ ಯಂತ್ರ ಬೇಕು. ದುಬಾರಿಯೆನಿಸಿದರೆ ಚೌಕ ಫ್ಯಾನೊಂದಕ್ಕೆ ನಾಲ್ಕೈದು ಮರ್ವ್ 13 ಫಿಲ್ಟರುಗಳನ್ನು ಪೆಟ್ಟಿಗೆಯಂತೆ ಟೇಪಿನಲ್ಲಿ ಅಂಟಿಸಿ ಮನೆಯಲ್ಲೇ ಮಾಡಿಕೊಳ್ಳಬಹುದು. ಕೊರೊನಾ ಕಾಲದಲ್ಲಿ ಇದು ಕೋರ್ಸಿ–ರೋಸೆಂಥಾಲ್ ಪೆಟ್ಟಿಗೆಯೆಂದು ಹೆಸರಾಯಿತು.

ನಲ್ಲಿಯ ನೀರಿನ ವಿಚಾರದಲ್ಲಿ ನಮ್ಮ ಅಭ್ಯಾಸವೇ ನಮಗೆ ತೊಡಕು. ನೀರು ಸರಿಯಿಲ್ಲ ಎಂದೊಡನೆ ನಾವು ಕುದಿಸುತ್ತೇವೆ. ಬೆಂಕಿಯಲ್ಲಿ ಪೈಪಿನ ಒತ್ತಡ ಬಿದ್ದಾಗ ಹೊಗೆಯೂ ಕರಗಿದ ಪ್ಲಾಸ್ಟಿಕ್ಕಿನ ರಾಸಾಯನಿಕವೂ ಒಳಗೆ ಸೇರುತ್ತವೆ. 2017ರಲ್ಲಿ ಕ್ಯಾಲಿಫೋರ್ನಿಯದ ಸಾಂಟಾ ರೋಸಾದಲ್ಲಿ, ಮರುವರ್ಷ ಪ್ಯಾರಡೈಸ್‌ನಲ್ಲಿ ನೀರಿನಲ್ಲಿ ಬೆಂಜೀನ್ ಪತ್ತೆಯಾಯಿತು. ಅದು ಕ್ಯಾನ್ಸರ್ ತರುವ ವಸ್ತು, ಕುದಿಸಿದರೆ ಆವಿಯಾಗಿ ಅಡುಗೆಮನೆಯ ಗಾಳಿಗೆ ಸೇರುತ್ತದೆ. "ಕುಡಿಯಬೇಡಿ, ಕುದಿಸಲೂ ಬೇಡಿ" ಎಂದು ಪ್ರಕಟಣೆ ಬಂದರೆ ಅಕ್ಷರಶಃ ಹಾಗೇ ನಡೆದುಕೊಳ್ಳಬೇಕು, ಬಿಸಿನೀರ ಸ್ನಾನವನ್ನೂ ಬದಿಗಿಟ್ಟು.

ವಿಮೆಯ ಮಾತು ಬೇಸರದ್ದು, ಬಿಡುವಂತಿಲ್ಲ. 2024ರಲ್ಲಿ ಸ್ಟೇಟ್ ಫಾರ್ಮ್ ಕಂಪನಿ ಕ್ಯಾಲಿಫೋರ್ನಿಯದ ಮನೆ, ಅಪಾರ್ಟ್‌ಮೆಂಟುಗಳ ಸುಮಾರು 72 ಸಾವಿರ ಪಾಲಿಸಿಗಳನ್ನು ನವೀಕರಿಸುವುದಿಲ್ಲ ಎಂದಿತು, ಪ್ಯಾಲಿಸೇಡ್ಸ್‌ನವೂ ಅದರಲ್ಲಿದ್ದವು. ಹೀಗೆ ಕೈಬಿಟ್ಟವರಿಗೆ ಕೊನೆಯ ಆಸರೆ 1968ರಲ್ಲಿ ಹುಟ್ಟಿದ ಫೇರ್ ಪ್ಲ್ಯಾನ್ ಎಂಬ ವಿಮೆ. ಬೆಂಕಿ, ಹೊಗೆಗೆ ಅದು ಸಿಗುತ್ತದೆ. ಕಳವಿಗೆ, ನೀರು ಸೋರಿದ್ದಕ್ಕೆ ಬೇರೆ ಪಾಲಿಸಿ ಜೋಡಿಸಬೇಕು. ಪಾಲಿಸಿಯ ಮೊತ್ತ ಮನೆ ಕೊಂಡ ಬೆಲೆಯದಲ್ಲ, ಇಂದಿನ ದರದಲ್ಲಿ ಮತ್ತೆ ಕಟ್ಟುವ ಖರ್ಚಿನದಾಗಿರಬೇಕು. ಊರಿಗೆ ಊರೇ ಒಮ್ಮೆಲೇ ಕಟ್ಟಲು ಹೊರಟಾಗ ಆ ಖರ್ಚು ಇನ್ನೂ ಏರುತ್ತದೆ. ವರ್ಷಕ್ಕೊಮ್ಮೆ ಫೋನು ಹಿಡಿದು ಕೋಣೆ ಕೋಣೆ ಸುತ್ತಿ, ಕಪಾಟು, ಡ್ರಾಯರು ತೆರೆದು ವಿಡಿಯೊ ಮಾಡಿ ಊರಿನಲ್ಲಿರುವ ತಂಗಿಗೆ ಕಳಿಸಿಡಿ. ಸುಟ್ಟುಹೋದ ಮನೆಯಲ್ಲಿ ಎಷ್ಟು ತಟ್ಟೆ, ಎಷ್ಟು ಸೀರೆ ಇತ್ತೆಂದು ನೆನಪಿನಿಂದ ಬರೆದುಕೊಡುವ ಶಿಕ್ಷೆ ತಪ್ಪುತ್ತದೆ. ಉಳಿದ ಮನೆಗೆ ಹೊಗೆ ಹೊಕ್ಕಿದ್ದರೆ ತೊಳೆಯುವ ಮುಂಚೆ ಫೋಟೊ ತೆಗೆದು, ದೂಳಿನ ಮಾದರಿ ಪರೀಕ್ಷೆಗೆ ಕೊಟ್ಟಿರಿ. ಹೊಗೆ ಹಾನಿಯನ್ನು ಹಾನಿಯೆಂದು ಒಪ್ಪಿಸುವುದೇ ಅಲ್ಲಿ ಈಗ ದೊಡ್ಡ ಜಗಳ.

ಇಷ್ಟರ ಮೇಲೆ ಮಳೆಗಾಲ ಇದೆ. ಸುಟ್ಟ ಗುಡ್ಡದ ಮಣ್ಣು ಮೇಣ ಸವರಿದಂತಾಗಿ ನೀರು ಹೀರುವುದಿಲ್ಲ, ಹಿಡಿದಿಡಲು ಬೇರೂ ಇರುವುದಿಲ್ಲ. 2017ರ ಡಿಸೆಂಬರಿನಲ್ಲಿ ಥಾಮಸ್ ಬೆಂಕಿ ಮಾಂಟೆಸಿಟೊ ಊರಿನ ಮೇಲಣ ಗುಡ್ಡಗಳನ್ನು ಸುಟ್ಟಿತು. 2018ರ ಜನವರಿ 9ರ ನಸುಕಿಗೆ ಸುರಿದ ಮಳೆಗೆ ಕೆಸರು, ಬಂಡೆ ಒಟ್ಟಿಗೆ ಇಳಿದು 23 ಜನ ಸತ್ತರು. ಗುಡ್ಡದ ಬುಡದಲ್ಲಿ ಮನೆಯಿದ್ದವರು ಬೆಂಕಿ ಆರಿದ ವಾರದಲ್ಲೇ ಮರಳ ಚೀಲ ಪೇರಿಸಬೇಕು, ಚರಂಡಿ ಬಿಡಿಸಬೇಕು, ನೆರೆ ವಿಮೆಗೆ ಅರ್ಜಿ ಹಾಕಬೇಕು. ಅಮೆರಿಕದ ಸರ್ಕಾರಿ ನೆರೆ ವಿಮೆ ಸಾಮಾನ್ಯವಾಗಿ ಅರ್ಜಿ ಹಾಕಿದ 30 ದಿನಗಳ ಮೇಲೆ ಜಾರಿಗೆ ಬರುತ್ತದೆ. ಥಾಮಸ್ ಬೆಂಕಿ ಪೂರ್ತಿ ಆರುವ ಮುಂಚೆಯೇ ಮಾಂಟೆಸಿಟೊಗೆ ಆ ಮಳೆ ಬಂದಿತ್ತು.